ಮುಖದ ಫಂಗಸ್ಸಿಗೆ ಯಾವ ಕ್ರೀಮು? ಟ್ಯೂಬಿನ ಹಿಂಬದಿ ಓದಿ ಆರಿಸಿ

ಮುಖದ ಫಂಗಸ್ಸಿಗೆ ಕ್ಲೋಟ್ರಿಮಜೋಲ್ ಕ್ರೀಮು ಕೊಳ್ಳಲೋ ಲುಲಿಕೊನಜೋಲ್ ಕೊಳ್ಳಲೋ ಎಂದು ಕೇಳಿಕೊಂಡು ನಮ್ಮ ಔಷಧದಂಗಡಿಗೆ ಬರುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ ಬೇರೆ: ಇದುವರೆಗೆ ಮುಖಕ್ಕೆ ಏನು ಹಚ್ಚಿದ್ದೀರಿ? ಹೆಚ್ಚಿನವರು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಜೇಬಿನಿಂದಲೋ ಪರ್ಸಿನಿಂದಲೋ ಬಾಲದಿಂದ ಸುತ್ತಿ ಸುತ್ತಿ ಹಿಂಡಿದ, ಅರ್ಧ ಹೆಸರು ಅಳಿಸಿಹೋದ ಟ್ಯೂಬೊಂದನ್ನು ತೆಗೆದು ಗಾಜಿನ ಮೇಲಿಡುತ್ತಾರೆ. ರೂಮಿನವನು ಕೊಟ್ಟದ್ದು, ನಾದಿನಿ ಹಚ್ಚಿ ಉಳಿಸಿದ್ದು, ಸ್ಟೇಷನ್ ಪಕ್ಕದ ಮೆಡಿಕಲ್‌ನವನು ‘ಮೂರೇ ದಿನದಲ್ಲಿ ಮಾಯ’ ಎಂದು ಕೊಟ್ಟದ್ದು.

ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ, ಒಣಗಿದ ಮೈ ಮತ್ತೆ ಬೆವರದೆ ಇರುವುದಿಲ್ಲ. ಹೋಟೆಲಿನ ಹುಡುಗರು ಒಂದೇ ಖೋಲಿಯಲ್ಲಿ ಏಳೆಂಟು ಜನ ಮಲಗುತ್ತಾರೆ. ಟವೆಲ್ ಯಾರದು ಯಾರಿಗೆ ಎಂಬ ಲೆಕ್ಕ ಇರುವುದಿಲ್ಲ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಬೆವರಿನ ನಡುವೆ ನಿಂತು ಬರುವ ಕಚೇರಿಯ ನೌಕರರ ಪಾಡೂ ಬಹಳ ಬೇರೆಯಲ್ಲ. ಸೊಂಟದಲ್ಲಿ, ತೊಡೆಸಂದಿಯಲ್ಲಿ ಗಜಕರ್ಣ (ಹುಳುಕಡ್ಡಿ) ಎದ್ದರೆ ಜನ ತಿಂಗಳುಗಟ್ಟಲೆ ಕೆರೆದುಕೊಂಡೇ ಸುಮ್ಮನಿರುತ್ತಾರೆ. ಕೆನ್ನೆಯ ಮೇಲೆ ಎದ್ದರೆ ಮಾತ್ರ ಮರುದಿನವೇ ಔಷಧ ಬೇಕು, ಅದರ ಮರುದಿನ ಅದು ಹೋಗಿರಬೇಕು. ಈ ಅವಸರವೇ ಮುಖವನ್ನು ಹಾಳುಮಾಡುವುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫಂಗಸ್ ಕೊಲ್ಲುವ ಒಂದು ಬರಿಯ ಕ್ರೀಮಿಗೂ ಇನ್ನೊಂದಕ್ಕೂ ಇರುವ ಅಂತರ ಜಾಹೀರಾತಿನಲ್ಲಿ ಕಾಣುವಷ್ಟು ದೊಡ್ಡದಲ್ಲ. ದೊಡ್ಡ ಅಂತರ ಇರುವುದು ಬರಿಯ ಕ್ರೀಮಿಗೂ ಸ್ಟೀರಾಯ್ಡ್ (ಕೆಂಪು, ತುರಿಕೆ ಅಡಗಿಸುವ ಔಷಧ) ಬೆರೆಸಿದ ಮಿಶ್ರ ಕ್ರೀಮಿಗೂ ನಡುವೆ. ಈ ಎರಡರಲ್ಲಿ ಸರಿಯಾದದ್ದನ್ನು ಹಿಡಿದರೆ ಉಳಿದ ಆಯ್ಕೆ ಸುಲಭ.

ಮೊದಲು, ಇದು ಫಂಗಸ್ಸೇ?

ಮುಖದ ಮೇಲಿನ ಗಜಕರ್ಣ ಉಂಗುರದಂತೆ ಹರಡುತ್ತದೆ. ಅಂಚು ಸ್ವಲ್ಪ ಉಬ್ಬಿ ಕೆಂಪಾಗಿರುತ್ತದೆ, ಅಂಚಿನ ಮೇಲೆ ಸಣ್ಣ ಹೊಟ್ಟು, ನಡುಭಾಗ ತಿಳಿಯಾಗುತ್ತ ಹೋಗುತ್ತದೆ. ತುರಿಕೆ ಇರುತ್ತದೆ, ಬಿಸಿಲಿಗೆ ಹೋದರೆ ಉರಿ ಹೆಚ್ಚುತ್ತದೆ. ಒಂದು ಕೆನ್ನೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ. ಮುಖದಲ್ಲಿ ಹೀಗೆ ಕಂಡವರು ನಾಚಿಕೆ ಬಿಟ್ಟು ಸೊಂಟ, ತೊಡೆಸಂದಿ, ಕಾಲ್ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಹಲವರಿಗೆ ಮೂಲ ಅಲ್ಲಿರುತ್ತದೆ, ಟವೆಲ್ಲಿನ ಮೂಲಕ ಅಥವಾ ಕೆರೆದ ಉಗುರಿನ ಮೂಲಕ ಮೇಲೆ ಬಂದಿರುತ್ತದೆ. ಮುಖಕ್ಕಷ್ಟೇ ಹಚ್ಚಿ ಕೆಳಗಿನದನ್ನು ಬಿಟ್ಟರೆ ದೀಪಾವಳಿಯ ಹೊತ್ತಿಗೆ ಮತ್ತೆ ಮುಖಕ್ಕೇ ಬರುತ್ತದೆ. ಮನೆಯಲ್ಲಿ ಬೆಕ್ಕಿನ ಮರಿ ಇದ್ದು ಮಗುವಿನ ಮುಖದಲ್ಲಿ ಉಂಗುರ ಎದ್ದಿದ್ದರೆ ಬೆಕ್ಕಿನ ಮೈಯನ್ನೂ ನೋಡಿ. ಕೂದಲು ಉದುರಿದ ತೇಪೆಗಳಿದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಸಿಬ್ಬು ಬೇರೆ. ತಿಳಿಬಣ್ಣದ ಅಥವಾ ಕಂದು ಬಣ್ಣದ ಚಿಕ್ಕ ಚಿಕ್ಕ ಮಚ್ಚೆಗಳು, ಕೆರೆದರೆ ನವಿರಾದ ಪುಡಿ, ತುರಿಕೆ ಇಲ್ಲವೆಂದೇ ಹೇಳಬಹುದು. ಎದೆ, ಬೆನ್ನು, ಕುತ್ತಿಗೆಯಲ್ಲಿ ಹೆಚ್ಚು, ಹಣೆಗೂ ಕೆನ್ನೆಗೂ ಹಬ್ಬುತ್ತದೆ. ಇದಕ್ಕೆ ಕಾರಣ ಮಲಸೇಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್), ಎಲ್ಲರ ಚರ್ಮದಲ್ಲೂ ಇರುವಂಥದ್ದು. ಮೂಗಿನ ಪಕ್ಕದ ಮಡಿಕೆ, ಹುಬ್ಬು, ಕಿವಿಯ ಹಿಂದೆ ಎಣ್ಣೆಯಂಥ ಹಳದಿ ಹೊಟ್ಟು ಕಟ್ಟಿ, ತಲೆಯಲ್ಲೂ ಹೊಟ್ಟಿದ್ದರೆ ಅದು ಸೆಬೊರಿಯಾ. ಅದರಲ್ಲೂ ಇದೇ ಯೀಸ್ಟಿನ ಪಾತ್ರವಿದೆ. ಬಾಯಿಯ ಮೂಲೆಗಳು ಬಿರಿದು ಬೆಳ್ಳಗೆ ನೆನೆದಂತಿದ್ದರೆ ಕ್ಯಾಂಡಿಡಾ ಎಂಬ ಇನ್ನೊಂದು ಯೀಸ್ಟ್ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಕೃತಕ ದಂತಪಂಕ್ತಿ ಹಾಕುವ ಹಿರಿಯರಲ್ಲಿ ಇದು ಹೆಚ್ಚು.

ಫಂಗಸ್ ಅಲ್ಲದವುಗಳ ಪಟ್ಟಿ ದೊಡ್ಡದು. ಎರಡೂ ಕೆನ್ನೆಯಲ್ಲಿ ಹೊಟ್ಟಿಲ್ಲದೆ ಹರಡಿದ ಕಂದು ಕಲೆ ಬಂಗು. ಹಾಲಿನಷ್ಟು ಬಿಳಿಯಾಗಿ, ನಯವಾಗಿದ್ದರೆ ತೊನ್ನು. ಶಾಲೆಯ ಮಕ್ಕಳ ಕೆನ್ನೆಯಲ್ಲಿ ಅಂಚು ಸ್ಪಷ್ಟವಿಲ್ಲದ, ಮಸುಕು ಬಿಳಿ, ಒಣ ತೇಪೆಗಳು ಕಂಡರೆ ಅದಕ್ಕೆ ತೇವ ಹಿಡಿಯುವ ಸಾದಾ ಕ್ರೀಮು ಸಾಕು. ‘ಜಂತುಹುಳು, ಕ್ಯಾಲ್ಸಿಯಂ ಕಮ್ಮಿ’ ಎಂದು ಅಜ್ಜಿಯರು ತೀರ್ಪು ಕೊಡುತ್ತಾರೆ, ಎರಡೂ ಸಾಮಾನ್ಯವಾಗಿ ಕಾರಣವಲ್ಲ. ಒಂದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು: ಬಣ್ಣ ಮಾಸಿದ ತೇಪೆಯ ಮೇಲೆ ಹತ್ತಿಯ ಎಳೆ ಆಡಿಸಿದಾಗ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ. ಅಲ್ಲಿಗೆ ಹೋಗುವುದನ್ನು ತಡಮಾಡಬಾರದು ಅಷ್ಟೇ.

ಮಿಶ್ರ ಕ್ರೀಮು: ಬೇಗ ಹೋಗುತ್ತದೆ, ಬೇಗ ಬರುತ್ತದೆ

ಟ್ಯೂಬನ್ನು ತಿರುಗಿಸಿ ಹಿಂಬದಿ ನೋಡಿ. ಮುಂದೆ ದೊಡ್ಡದಾಗಿ ಬರೆದಿರುವುದು ಕಂಪನಿ ಇಟ್ಟ ಹೆಸರು. ಒಳಗೇನಿದೆ ಎಂಬುದು ಹಿಂದೆ, ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್ ಹೀಗೆ ‘ಅಜೋಲ್’ ಎಂದು ಮುಗಿಯುವ ಹೆಸರುಗಳು ಫಂಗಸ್ಸಿನ ಔಷಧ. ‘ಫೈನ್’ ಎಂದು ಮುಗಿಯುವ ಟರ್ಬಿನಾಫೈನ್, ಬ್ಯುಟೆನಾಫೈನ್ ಕೂಡ. ಅದೇ ಪಟ್ಟಿಯಲ್ಲಿ ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್ ಇದ್ದರೆ ಅದು ಸ್ಟೀರಾಯ್ಡ್. ಇವೆಲ್ಲದರ ಅಣ್ಣ ಕ್ಲೋಬೆಟಾಸೋಲ್. ಹೆಸರು ಕಿವಿಗೆ ಫಂಗಸ್ಸಿನ ಔಷಧದಂತೆ ಕೇಳಿಸುತ್ತದೆ, ಆದರೆ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದವುಗಳ ಸಾಲಿಗೆ ಸೇರಿದ್ದು. ಜೊತೆಗೆ ನಿಯೋಮೈಸಿನ್, ಜೆಂಟಾಮೈಸಿನ್, ಆಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಸೇರಿಸಿ ಮೂರು-ನಾಲ್ಕು ಔಷಧಗಳ ಕಲಸು ಮಾಡಿರುತ್ತಾರೆ.

ಇನ್ನೊಂದು ಮೋಸ ಹೆಸರಿನ ಬಾಲದಲ್ಲಿದೆ. ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ಬಣ್ಣದ ಡಬ್ಬಿ. ಒಂದು ಬರಿಯದು, ಇನ್ನೊಂದರ ಕೊನೆಗೆ ‘ಬಿ’, ‘ಜಿಎಂ’, ‘ಎನ್‌ಎಫ್’, ‘ಪ್ಲಸ್’ ಎಂಬ ಇಂಗ್ಲಿಷ್ ಅಕ್ಷರ. ಆ ಅಕ್ಷರವೇ ಎಷ್ಟೋ ಸಲ ಸ್ಟೀರಾಯ್ಡ್. ವೈದ್ಯರು ಬರಿಯದನ್ನು ಬರೆದಿದ್ದರೂ ಗಿರಾಕಿ ಮುಂದಿನ ಸಲ ಚೀಟಿ ಬಿಟ್ಟು ಬಾಯಲ್ಲಿ ಹೆಸರು ಹೇಳಿ ಬಾಲವಿದ್ದದ್ದನ್ನು ಒಯ್ಯುತ್ತಾನೆ. ಡಬ್ಬಿಯ ಮೇಲಿನ, ವೈದ್ಯರ ಚೀಟಿ ಬೇಕೆನ್ನುವ ಆರ್‌ಎಕ್ಸ್ ಗುರುತು ನೋಡಿ ಸ್ಟೀರಾಯ್ಡ್ ಎಂದು ತೀರ್ಮಾನಿಸಲಾಗದು, ಅದು ಎಷ್ಟೋ ಬರಿಯ ಕ್ರೀಮುಗಳ ಮೇಲೂ ಇರುತ್ತದೆ. ಘಟಕಗಳ ಪಟ್ಟಿಯೇ ಪ್ರಮಾಣ.

ಇಷ್ಟು ದೂರುವ ಕ್ರೀಮು ಏಕೆ ಇಷ್ಟು ಖರ್ಚಾಗುತ್ತದೆ ಎಂದರೆ, ಅದು ಕೆಲಸ ಮಾಡಿದಂತೆ ಕಾಣುತ್ತದೆ. ಸ್ಟೀರಾಯ್ಡ್ ಹಚ್ಚಿದ ಎರಡನೆಯ ದಿನಕ್ಕೆ ತುರಿಕೆ ನಿಂತು ಕೆಂಪು ಇಳಿಯುತ್ತದೆ. ಫಂಗಸ್ ಬಂದಾಗ ಎದ್ದು ಹೋರಾಡುವ ಮೈಯ ಕಾವಲನ್ನೇ ಅದು ಮಲಗಿಸಿರುತ್ತದೆ. ಹಚ್ಚುವುದು ನಿಲ್ಲಿಸಿದ ವಾರದಲ್ಲಿ ಉಂಗುರ ಇನ್ನೂ ಅಗಲವಾಗಿ ಮರಳುತ್ತದೆ. ಈ ಸಲ ಅಂಚೇ ಕಾಣದೆ, ಮೊಡವೆಯಂಥ ಗುಳ್ಳೆಗಳಾಗಿ, ನೋಡಿದ ವೈದ್ಯರಿಗೂ ಗುರುತು ತಪ್ಪುವ ಹಾಗೆ. ಮುಖದ ಚರ್ಮ ಮೊದಲೇ ತೆಳು, ಔಷಧವನ್ನು ಹೆಚ್ಚು ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಮುಖದಲ್ಲಿ ಕೆಂಪು ರಕ್ತನಾಳಗಳ ಜಾಲ, ಅಲ್ಲಲ್ಲಿ ಬಣ್ಣ ಕಳೆದ ತೇಪೆ, ಗಲ್ಲದ ಮೇಲೆ ಹೊಸ ರೋಮ, ಬಿಸಿಲಿಗೆ ಬಂದರೆ ತಾಳಲಾರದ ಉರಿ. ಕಣ್ಣಿನ ಸುತ್ತ ಹಚ್ಚಿದರೆ ಕಣ್ಣಿನ ಒತ್ತಡ ಏರುವ ಅಪಾಯವೂ ಇದೆ.

2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಚರ್ಮವೈದ್ಯರ ರಾಷ್ಟ್ರೀಯ ಸಂಘ ವರ್ಷಗಳಿಂದ ಈ ದುರ್ಬಳಕೆಯ ವಿರುದ್ಧ ದನಿಯೆತ್ತುತ್ತಲೇ ಇದೆ. ಆದರೂ ಕೌಂಟರಿನ ಈ ಬದಿ ನಿಂತು ಹೇಳುತ್ತೇನೆ, ಕೇಳಿದರೆ ಕೊಡುವವರು ಇದ್ದಾರೆ. ಕಳೆದ ಮಳೆಗಾಲದಲ್ಲಿ ಮಾಟುಂಗದ ಹೋಟೆಲೊಂದರ ದೋಸೆ ಕಾವಲಿಯ ಮುಂದೆ ನಿಲ್ಲುವ ಕುಂದಾಪುರದ ಹುಡುಗ ಬಂದು, “ಅಣ್ಣ, ಅದೇ ಕ್ರೀಮು ಇನ್ನೊಂದು ಕೊಡಿ, ಬಿಟ್ಟರೆ ಮುಖ ಉರಿಯುತ್ತದೆ” ಎಂದ. ಫಂಗಸ್ಸಿಗೆಂದು ತೆಗೆದುಕೊಂಡದ್ದು ಫಂಗಸ್ ಉಳಿಸಿ ತನ್ನದೇ ಚಟ ಹಿಡಿಸಿತ್ತು. “ಕೊಡುವುದಿಲ್ಲ ಮಾರಾಯ, ಸಿಟ್ಟು ಮಾಡಿಕೊಳ್ಳಬೇಡ, ಈ ಟ್ಯೂಬು ಹಿಡಿದುಕೊಂಡೇ ಸಯನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗು” ಎಂದೆ. ಟ್ಯೂಬು ಒಯ್ಯುವುದು ಮುಖ್ಯ. ಬಹಳ ದಿನ ಹಚ್ಚಿದವರು ನಿಲ್ಲಿಸುವಾಗ ಮುಖ ಕೆರಳುತ್ತದೆ. ಅದನ್ನು ಸಂಭಾಳಿಸಲು ವೈದ್ಯರಿಗೆ ಯಾವುದು, ಎಷ್ಟು ಕಾಲ ಎಂಬುದು ಗೊತ್ತಿರಬೇಕು.

ಹಾಗಾದರೆ ಸ್ಟೀರಾಯ್ಡ್ ವಿಷವೇ? ಅಲ್ಲ, ಎಕ್ಸಿಮಾಕ್ಕೆ (ಇಸುಬಿಗೆ) ಸರಿಯಾದ ಅಳತೆಯಲ್ಲಿ ಅದು ಅತ್ಯುತ್ತಮ ಔಷಧ. ಮುಖದ ಗಜಕರ್ಣಕ್ಕೆ ಮಾತ್ರ ಅದರ ಅಗತ್ಯವಿಲ್ಲ.

ಬರಿಯ ಕ್ರೀಮುಗಳಲ್ಲಿ ಯಾವುದು?

ಇವೆಲ್ಲವೂ ಹೊಡೆಯುವ ಗುರಿ ಹೆಚ್ಚುಕಡಿಮೆ ಒಂದೇ. ಫಂಗಸ್ಸಿನ ಕೋಶಪೊರೆಗೆ ಎರ್ಗೋಸ್ಟೆರಾಲ್ ಎಂಬ ವಸ್ತು ಬೇಕು. ಅದು ತಯಾರಾಗುವ ದಾರಿಯನ್ನು ಅಜೋಲ್‌ಗಳು ಒಂದು ಕಡೆ, ಟರ್ಬಿನಾಫೈನ್ ಇನ್ನೊಂದು ಕಡೆ ಕಟ್ಟುತ್ತವೆ.

ಕ್ಲೋಟ್ರಿಮಜೋಲ್ ಶೇಕಡಾ 1 ಎಲ್ಲಕ್ಕಿಂತ ಅಗ್ಗ, ಜನೌಷಧಿ ಕೇಂದ್ರಗಳಲ್ಲೂ ಸಿಗುತ್ತದೆ. ಗಜಕರ್ಣ, ಸಿಬ್ಬು, ಕ್ಯಾಂಡಿಡಾ ಮೂರಕ್ಕೂ ಬರುವ ಔಷಧ. ಯಾವುದೆಂದು ಖಚಿತವಿಲ್ಲದಾಗ ಇದರ ಬೆಲೆ ತಿಳಿಯುತ್ತದೆ. ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಅದೇ ಇದರ ತೊಂದರೆಯೂ ಹೌದು: ಬೆಳಗ್ಗೆ ಆರರ ಲೋಕಲ್ ಹಿಡಿಯುವವರು ಬೆಳಗಿನ ಸರದಿ ಮರೆಯುತ್ತಾರೆ. ಮರೆಯದವರಿಗೆ, ಬಸುರಿಯರಿಗೆ (ವೈದ್ಯರನ್ನು ಒಮ್ಮೆ ಕೇಳಿ), ಮಕ್ಕಳಿಗೆ ನಾನು ಮೊದಲು ಎತ್ತಿಕೊಡುವುದು ಇದನ್ನೇ. ಅಗ್ಗ ಎಂಬ ಕಾರಣಕ್ಕೆ ಇದನ್ನು ದೂರ ತಳ್ಳುವವರನ್ನು ಕಂಡರೆ ನನಗೆ ಅಷ್ಟು ಸರಿಬರುವುದಿಲ್ಲ.

ಲುಲಿಕೊನಜೋಲ್ ಶೇಕಡಾ 1 ಈಗಿನ ಮೆಚ್ಚಿನದು. ಜಪಾನಿನಲ್ಲಿ ಹುಟ್ಟಿದ್ದು, ಚರ್ಮದ ಮೇಲ್ಪದರದಲ್ಲಿ ಬಹುಕಾಲ ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಒಂದೇ ಸಲ, ರಾತ್ರಿ ಹಚ್ಚಿ ಮಲಗಿದರೆ ಆಯಿತು. ಗಜಕರ್ಣದ ಫಂಗಸ್ಸಿನ ಮೇಲೆ ಪ್ರಯೋಗಾಲಯದಲ್ಲಿ ಬಹಳ ಚುರುಕು. ಬೆಲೆ ಕ್ಲೋಟ್ರಿಮಜೋಲ್‌ಗಿಂತ ಹೆಚ್ಚು. ದುಡ್ಡಿಗೆ ಅಡ್ಡಿಯಿಲ್ಲದವರಿಗೆ, ಎರಡು ಹೊತ್ತು ಹಚ್ಚಲಾಗದವರಿಗೆ, ಉಂಗುರ ಸ್ಪಷ್ಟವಾಗಿ ಗಜಕರ್ಣದ್ದೇ ಆಗಿದ್ದಾಗ ಇದು ಒಳ್ಳೆಯ ಆಯ್ಕೆ.

ಟರ್ಬಿನಾಫೈನ್ ಶೇಕಡಾ 1 ಒಂದು ಕಾಲದ ಹೀರೋ. ಅಜೋಲ್‌ಗಳು ಹೆಚ್ಚಾಗಿ ಫಂಗಸ್ಸಿನ ಬೆಳವಣಿಗೆಯನ್ನು ತಡೆದರೆ ಇದು ಗಜಕರ್ಣದ ಫಂಗಸ್ಸನ್ನು ಕೊಂದೇ ಬಿಡುತ್ತದೆ ಎಂಬ ಹೆಗ್ಗಳಿಕೆ ಇತ್ತು. ಒಂದೆರಡು ವಾರ ಹಚ್ಚಿದರೆ ಸಾಕಾಗುತ್ತಿತ್ತು. ಈಗ ಕಥೆ ಬದಲಾಗಿದೆ. ನಮ್ಮ ದೇಶದಲ್ಲಿ ಹರಡಿರುವ ಗಜಕರ್ಣದ ಒಂದು ಬಗೆಯ ಫಂಗಸ್ಸಿಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಪ್ರತ್ಯೇಕ ಹೆಸರಿಟ್ಟರು. ಟರ್ಬಿನಾಫೈನ್ ಹಿಡಿಯಬೇಕಾದ ಕಿಣ್ವದ ಜೀನು ಇದರ ಎಷ್ಟೋ ತಳಿಗಳಲ್ಲಿ ಮಾರ್ಪಟ್ಟಿರುವುದರಿಂದ ಔಷಧ ನಾಟುವುದಿಲ್ಲ. ಅಂದರೆ ಇದು ಕೆಲಸಕ್ಕೆ ಬಾರದ ಔಷಧವಾಯಿತೆಂದಲ್ಲ. ಆದರೆ ಎರಡು ವಾರ ಸರಿಯಾಗಿ ಹಚ್ಚಿಯೂ ಉಂಗುರ ಹಿಗ್ಗುತ್ತಲೇ ಇದ್ದರೆ ಇನ್ನೊಂದು ಟ್ಯೂಬು ಕೊಳ್ಳಬೇಡಿ. ಬಾಯಿಯ ಮೂಲೆಯ ಕ್ಯಾಂಡಿಡಾಕ್ಕೂ ಇದು ದುರ್ಬಲ.

ಕೀಟೊಕೊನಜೋಲ್ ಶೇಕಡಾ 2 ಯೀಸ್ಟಿನ ಔಷಧವೆಂದು ನೆನಪಿಟ್ಟುಕೊಳ್ಳಿ. ಮೂಗಿನ ಮಡಿಕೆಯ ಸೆಬೊರಿಯಾಕ್ಕೆ, ಸಿಬ್ಬಿಗೆ ನನ್ನ ಮೊದಲ ಆಯ್ಕೆ ಇದು. ಸೆಬೊರಿಯಾ ಒಮ್ಮೆ ಹೋಗಿ ಮತ್ತೆ ಬರುವ ಜಾತಿ, ಹಾಗಾಗಿ ತಲೆಗೂ ಇದೇ ಔಷಧದ ಶಾಂಪೂ ಹಾಕಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆದರೆ ಮುಖವೂ ಸುಧಾರಿಸುತ್ತದೆ. ಇದೇ ಹೆಸರಿನ ಮಾತ್ರೆಯನ್ನು ಮಾತ್ರ ತಾವಾಗಿ ನುಂಗಬಾರದು, ಲಿವರ್‌ಗೆ ಹಾನಿ ಮಾಡಬಲ್ಲದು.

ಸರ್ಟಾಕೊನಜೋಲ್, ಎಬರ್ಕೊನಜೋಲ್, ಅಮೊರಾಲ್ಫಿನ್, ಸೈಕ್ಲೊಪಿರಾಕ್ಸ್ ಇವೂ ಅಂಗಡಿಯಲ್ಲಿವೆ, ಒಳ್ಳೆಯವೇ. ವೈದ್ಯರು ಬರೆದರೆ ಹಚ್ಚಿ. ತಾವಾಗಿ ಹುಡುಕಿ ಹೋಗುವಷ್ಟು ಲಾಭ ನನಗೆ ಕಂಡಿಲ್ಲ.

ರೈಲಿನಲ್ಲಿ ‘ದಾದ್, ಖಾಜ್, ಖುಜಲಿ’ ಎಂದು ಮಾರುವ ಡಬ್ಬಿಗಳನ್ನು ಮುಖದ ಹತ್ತಿರವೂ ತರಬೇಡಿ. ಅನೇಕವುಗಳಲ್ಲಿ ಸ್ಯಾಲಿಸಿಲಿಕ್ ಆ್ಯಸಿಡ್ ಇರುತ್ತದೆ. ದಪ್ಪ ಅಂಗಾಲಿಗೆ ಆದೀತು, ಕೆನ್ನೆಯನ್ನು ಸುಲಿಯುತ್ತದೆ. ಬೆಳ್ಳುಳ್ಳಿ ಜಜ್ಜಿ ಕಟ್ಟಿ ಕೆನ್ನೆ ಸುಟ್ಟುಕೊಂಡು ಬಂದವರೂ ಇದ್ದಾರೆ. ಊರಿನಲ್ಲಿ ಗಜಕರ್ಣಕ್ಕೆ ಹಚ್ಚುವ ತಜಂಕಿನ ಸೊಪ್ಪಿನ ಮೇಲೆ ನನಗೇನೂ ಸಿಟ್ಟಿಲ್ಲ, ಅದನ್ನು ಪತ್ರೊಡೆ ಮಾಡಿ ತಿನ್ನಿ.

ಹಚ್ಚುವ ಬಗೆ

ಮುಖವನ್ನು ಸಾದಾ ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ. ರೂಪಾಯಿ ನಾಣ್ಯದಷ್ಟಿರುವ ಒಂದು ಉಂಗುರಕ್ಕೆ ಕರಿಮೆಣಸಿನ ಕಾಳಿನಷ್ಟು ಕ್ರೀಮು ಸಾಕು. ಹೊರಗಿನಿಂದ ಒಳಗೆ ಹಚ್ಚುತ್ತ ಬನ್ನಿ, ಕಾಣುವ ಅಂಚಿನಿಂದಾಚೆ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ. ಫಂಗಸ್ ಹರಡುತ್ತಿರುವುದು ಅಲ್ಲಿ. ಕಣ್ಣಿನ ರೆಪ್ಪೆಗೆ ಬೇಡ. ಬೆಳ್ಳಗೆ ಬಳಿದುಕೊಂಡರೆ ಬೇಗ ಗುಣವಾಗುವುದಿಲ್ಲ, ದಿಂಬಿಗೆ ಗುಣವಾಗುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಿರಿ.

ನಿಲ್ಲಿಸುವ ದಿನ ಯಾವುದು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ತುರಿಕೆ ಹೋದ ದಿನ ಅಲ್ಲ, ಉಂಗುರ ಕಾಣದಾದ ದಿನವೂ ಅಲ್ಲ. ಅಲ್ಲಿಂದ ಮುಂದೆ ಇನ್ನೂ ಸುಮಾರು ಎರಡು ವಾರ. ಟವೆಲ್, ರೇಜರ್, ದಿಂಬಿನ ಹೊದಿಕೆ ಪ್ರತ್ಯೇಕವಿರಲಿ. ಮಳೆಯಲ್ಲಿ ಬಿಸಿಲಿಲ್ಲದಿದ್ದರೆ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಹಾಕಿ. ಖೋಲಿಯಲ್ಲಿ ನಾಲ್ವರಿಗಿದ್ದರೆ ನಾಲ್ವರೂ ಒಟ್ಟಿಗೆ ಔಷಧ ಮಾಡಬೇಕು, ಇಲ್ಲದಿದ್ದರೆ ಫಂಗಸ್ ಸರದಿಯ ಮೇಲೆ ಸುತ್ತುತ್ತಿರುತ್ತದೆ.

ಕ್ರೀಮು ಸಾಲದಾಗ

ಗಡ್ಡದೊಳಗೆ ಗಂಟುಗಂಟಾಗಿ ಕೀವು ತುಂಬಿ, ಕೂದಲು ಎಳೆದರೆ ಸಲೀಸಾಗಿ ಬರುತ್ತಿದ್ದರೆ ಫಂಗಸ್ ಕೂದಲಿನ ಬುಡಕ್ಕೆ ಇಳಿದಿದೆ. ಅಲ್ಲಿಗೆ ಯಾವ ಕ್ರೀಮೂ ತಲುಪುವುದಿಲ್ಲ, ಮಾತ್ರೆ ಬೇಕು. ಮಕ್ಕಳ ಮುಖದ ಜೊತೆ ತಲೆಯಲ್ಲೂ ಕೂದಲುದುರಿದ ತೇಪೆ ಇದ್ದರೂ ಹಾಗೆಯೇ. ಮೈಯಲ್ಲಿ ಹಲವು ಕಡೆ ಉಂಗುರಗಳಿದ್ದವರು, ಸ್ಟೀರಾಯ್ಡ್ ಹಚ್ಚಿ ಕೆಡಿಸಿಕೊಂಡವರು, ಸಕ್ಕರೆ ಹತೋಟಿಯಲ್ಲಿಲ್ಲದವರು, ಎರಡು ವಾರ ಬರಿಯ ಕ್ರೀಮು ಹಚ್ಚಿಯೂ ಇಳಿಯದವರು ಚರ್ಮವೈದ್ಯರನ್ನೇ ಕಾಣಬೇಕು. ಅವರು ಮಚ್ಚೆಯ ಅಂಚಿನ ಹೊಟ್ಟನ್ನು ಸ್ಲೈಡಿನ ಮೇಲೆ ಕೆರೆದು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ, ಹೆಚ್ಚು ಹೊತ್ತೂ ಬೇಡ. ಖಾಸಗಿ ಕ್ಲಿನಿಕ್ಕಿನ ಶುಲ್ಕ ಹೊರೆಯೆನಿಸಿದರೆ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್ಲಿನ ನಾಯರ್, ಭಾಯಖಳಾದ ಜೆಜೆ, ಎಲ್ಲ ಕಡೆ ಚರ್ಮ ವಿಭಾಗವಿದೆ. ಸಾಲು ಉದ್ದ, ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಿ. ಭಾಷೆಯ ಚಿಂತೆ ಬೇಡ, ‘ಗಜಕರ್ಣ’ ಎಂದರೆ ಮರಾಠಿಯವರಿಗೂ ತಿಳಿಯುತ್ತದೆ. ಹೋಗುವ ದಿನ ಮುಖಕ್ಕೆ ಕ್ರೀಮು ಹಚ್ಚಿರಬಾರದು.

ಚಿಕಿತ್ಸೆ ಮುಗಿದ ಮೇಲೂ ಉಂಗುರವಿದ್ದ ಜಾಗದಲ್ಲಿ ಕಂದು ಗುರುತು ಉಳಿಯುತ್ತದೆ, ನಮ್ಮ ಚರ್ಮದಲ್ಲಿ ಇದು ಸಹಜ. ಹೊಟ್ಟಿಲ್ಲ, ತುರಿಕೆಯಿಲ್ಲ, ಅಂಚು ಉಬ್ಬಿಲ್ಲ ಎಂದಾದರೆ ಅದು ಫಂಗಸ್ಸಲ್ಲ. ಸಿಬ್ಬಿನ ಬಿಳಿ ಮಚ್ಚೆಗಳೂ ಯೀಸ್ಟ್ ಸತ್ತ ಮೇಲೆ ಬಣ್ಣ ತುಂಬಿಕೊಳ್ಳಲು ತಿಂಗಳುಗಳನ್ನು ತೆಗೆದುಕೊಳ್ಳುತ್ತವೆ. ಆ ಗುರುತಿಗೆಂದು ಇನ್ನೊಂದು ಟ್ಯೂಬು ಕೇಳಲು ಬರುತ್ತಾರೆ, ಬ್ಲೀಚ್ ಮಾಡಿಸಲೇ ಎನ್ನುತ್ತಾರೆ, ‘ಬೆಳ್ಳಗಾಗುವ ಕ್ರೀಮು’ ಕೊಡಿ ಎನ್ನುತ್ತಾರೆ. ಆ ಕೊನೆಯದರ ಹಿಂಬದಿಯಲ್ಲೂ ಎಷ್ಟೋ ಸಲ ಮೊಮೆಟಾಸೋನ್ ಕುಳಿತಿರುತ್ತದೆ. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ, ಗುರುತು ತಾನಾಗಿ ತಿಳಿಯಾಗುತ್ತದೆ.